ಧರ್ಮಶಾಲೆಯ ಆರು ದಿನ: 2008ರ ಟಿಬೆಟನ್ ವಿಶೇಷ ಸಭೆ ಮತ್ತು ಭಾಷೆಯ ಪ್ರಶ್ನೆ

2008ರ ನವೆಂಬರ್ 17ರಂದು ಹಿಮಾಚಲ ಪ್ರದೇಶದ ಧರ್ಮಶಾಲೆಯ ಟಿಬೆಟನ್ ಮಕ್ಕಳ ಗ್ರಾಮದ ಶಾಲೆಯಲ್ಲಿ ಐನೂರಕ್ಕೂ ಹೆಚ್ಚು ಮಂದಿ ಸೇರಿದರು. ದೇಶಭ್ರಷ್ಟ ಟಿಬೆಟನ್ನರ ಸಂಸತ್ತಿನ ಸದಸ್ಯರು, ಮಾಜಿ ಸಚಿವರು, ಮಠಗಳ ಪ್ರತಿನಿಧಿಗಳು, ಶಿಕ್ಷಕರು, ಬುದ್ಧಿಜೀವಿಗಳು, ಯುವ ಸಂಘಟನೆಯವರು, ಟಿಬೆಟನ್ ವಸತಿಗಳ ಅಧಿಕಾರಿಗಳು ಅಲ್ಲಿದ್ದರು. ಯುರೋಪ್, ಅಮೆರಿಕದಿಂದ ಬಂದವರ ಜೊತೆ ನಮ್ಮ ಬೈಲಕುಪ್ಪೆ, ಮುಂಡಗೋಡದ ಕ್ಯಾಂಪುಗಳ ಪ್ರತಿನಿಧಿಗಳೂ ಕೂತಿದ್ದರು. ಅವರ ಮುಂದಿದ್ದದ್ದು ಒಂದೇ ಪ್ರಶ್ನೆ: ಟಿಬೆಟ್ಟಿನ ಹೋರಾಟ ಇನ್ನು ಯಾವ ದಾರಿ ಹಿಡಿಯಬೇಕು? ಚರ್ಚೆ ಆರು ದಿನ ನಡೆಯಿತು. ಸಭೆ ಕರೆದ ದಲೈಲಾಮಾ ಮಾತ್ರ ಅಷ್ಟೂ ದಿನ ದೂರವೇ ಉಳಿದರು. ತಾವು ಎದುರಿಗಿದ್ದರೆ ಯಾರೂ ಮನಬಿಚ್ಚಿ ಮಾತಾಡಲಾರರು ಎಂಬುದು ಅವರಿಗೆ ಗೊತ್ತಿತ್ತು.

ಟಿಬೆಟ್ ಕುರಿತ ವಿದ್ವತ್ ಗೋಷ್ಠಿಗಳಿಗೆ ಕೊರತೆಯೇನಿಲ್ಲ. 1979ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಟಿಬೆಟ್ ಅಧ್ಯಯನ ಸಂಘ ಕೆಲವು ವರ್ಷಕ್ಕೊಮ್ಮೆ ಒಂದೊಂದು ದೇಶದಲ್ಲಿ ಸೇರುತ್ತದೆ. 1986ರಲ್ಲಿ ಬೀಜಿಂಗ್‌ನಲ್ಲಿ ಸ್ಥಾಪನೆಯಾದ ಟಿಬೆಟ್ ಅಧ್ಯಯನ ಕೇಂದ್ರವೂ ತನ್ನದೇ ಗೋಷ್ಠಿಗಳನ್ನು ನಡೆಸುತ್ತದೆ. ಹಳೆಯ ಹಸ್ತಪ್ರತಿ, ವ್ಯಾಕರಣ, ಕಾವ್ಯ, ಇತಿಹಾಸ ಅಲ್ಲಿ ಚರ್ಚೆಗೆ ಬರುತ್ತವೆ. ಇವುಗಳಿಂದ ನಮಗೆ ಸಿಕ್ಕಿರುವ ತಿಳಿವಳಿಕೆ ದೊಡ್ಡದು. ಆದರೆ ಚೀನಾದೊಳಗಿನ ಟಿಬೆಟನ್ ವಿದ್ವಾಂಸರು ಬಂದು ಕೂತಿರುವ ಕೋಣೆಯಲ್ಲಿ ರಾಜಕೀಯ ಭವಿಷ್ಯವನ್ನು ಬಾಯಿಬಿಟ್ಟು ಚರ್ಚಿಸುವುದು ಸುಲಭವಲ್ಲ. ಅವರು ಮರಳಿ ಮನೆಗೆ ಹೋಗಬೇಕು. ಧರ್ಮಶಾಲೆಯ ಸಭೆಯಲ್ಲಿ ಆ ಅಂಜಿಕೆ ಇರಲಿಲ್ಲ. ಅಲ್ಲಿ ಟಿಬೆಟನ್ನರು ತಮ್ಮ ಬಗ್ಗೆ ತಾವೇ, ತಮ್ಮ ಭಾಷೆಯಲ್ಲಿ, ತಮ್ಮವರ ಎದುರಿಗೆ ವಾದ ಮಾಡಿದರು. ಹಾಗಾಗಿಯೇ ಈ ಅಧ್ಯಯನಕ್ಕೆ ಆ ಸಭೆಯನ್ನು ಆರಿಸಿಕೊಂಡಿದ್ದೇನೆ.

ಸಭೆಗೆ ಮುನ್ನ

1951ರ ಮೇ 23ರಂದು ಚೀನಾ ಮತ್ತು ಟಿಬೆಟ್ ನಡುವೆ ಬೀಜಿಂಗ್‌ನಲ್ಲಿ ಸಹಿಯಾದ ಹದಿನೇಳು ಅಂಶಗಳ ಒಪ್ಪಂದದ ಒಂಬತ್ತನೇ ಅಂಶ ಹೀಗಿತ್ತು: ಟಿಬೆಟನ್ನರ ಆಡುಮಾತು, ಬರಹ ಮತ್ತು ಶಾಲಾ ಶಿಕ್ಷಣವನ್ನು ಅಲ್ಲಿನ ಪರಿಸ್ಥಿತಿಗೆ ತಕ್ಕಂತೆ ಹಂತಹಂತವಾಗಿ ಬೆಳೆಸಲಾಗುವುದು. ಎಂಟು ವರ್ಷ ಕಳೆಯುವಷ್ಟರಲ್ಲಿ ಲಾಸಾದಲ್ಲಿ ಜನ ದಂಗೆ ಎದ್ದರು, ದಲೈಲಾಮಾ ಭಾರತಕ್ಕೆ ಬಂದರು, ಅವರ ಹಿಂದೆ ಸಾವಿರಾರು ಜನ ಹಿಮಾಲಯ ದಾಟಿದರು. ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಅವರಿಗೆ ಕಾಡುಭೂಮಿ ಕೊಟ್ಟ ಕತೆ ನಮ್ಮಲ್ಲಿ ಅನೇಕರಿಗೆ ಗೊತ್ತು.

1970ರ ದಶಕದ ನಡುವಿನ ಹೊತ್ತಿಗೆ ದಲೈಲಾಮಾ ಮತ್ತು ಅವರ ಆಪ್ತ ವಲಯ ಒಂದು ನಿರ್ಧಾರಕ್ಕೆ ಬಂದಿತ್ತು. ಪೂರ್ಣ ಸ್ವಾತಂತ್ರ್ಯದ ಬೇಡಿಕೆ ಬಿಟ್ಟು, ಚೀನಾದೊಳಗೇ ನಿಜವಾದ ಸ್ವಾಯತ್ತೆ ಕೇಳುವುದು. ಇದನ್ನೇ ಅವರು ಉಮಾಯ್‌ಲಾಮ್, ಅಂದರೆ ನಡುದಾರಿ ಎಂದು ಕರೆದರು. 1979ರಲ್ಲಿ ಚೀನಾದ ನಾಯಕ ಡೆಂಗ್ ಶಿಯಾವೊಪಿಂಗ್ ದಲೈಲಾಮಾ ಅವರ ಅಣ್ಣ ಗ್ಯಾಲೊ ತೊಂಡುಪ್ ಅವರನ್ನು ಕರೆಸಿ, ಸ್ವಾತಂತ್ರ್ಯವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾತಾಡಬಹುದು ಎಂದರು. 1987ರಲ್ಲಿ ವಾಷಿಂಗ್ಟನ್‌ನಲ್ಲಿ ದಲೈಲಾಮಾ ಅವರ ಐದು ಅಂಶಗಳ ಶಾಂತಿ ಯೋಜನೆ, ಮರುವರ್ಷ ಸ್ಟ್ರಾಸ್‌ಬರ್ಗ್‌ನಲ್ಲಿ ಇನ್ನೊಂದು ಪ್ರಸ್ತಾಪ. 2002ರಿಂದ ಅವರ ದೂತರಾದ ಲೋಡಿ ಗ್ಯಾರಿ ಮತ್ತು ಕೆಲ್ಸಂಗ್ ಗ್ಯಾಲ್ಟ್ಸೆನ್ ಚೀನಾ ಅಧಿಕಾರಿಗಳ ಜೊತೆ ಸುತ್ತಿನ ಮೇಲೆ ಸುತ್ತು ಮಾತುಕತೆ ನಡೆಸಿದರು.

ಆಮೇಲೆ ಬಂದದ್ದು 2008ರ ಮಾರ್ಚ್. 10ರಂದು ಡ್ರೆಪುಂಗ್ ಮಠದ ಭಿಕ್ಷುಗಳು ಲಾಸಾದ ಕಡೆ ನಡೆದರು. 14ರಂದು ನಗರ ಹೊತ್ತಿ ಉರಿಯಿತು. ಪ್ರತಿಭಟನೆ ಟಿಬೆಟ್ ಸ್ವಾಯತ್ತ ಪ್ರದೇಶದ ಗಡಿಯಲ್ಲಿ ನಿಲ್ಲದೆ ಚಿಂಗ್‌ಹಾಯ್, ಗಾನ್‌ಸು, ಸಿಚುವಾನ್ ಪ್ರಾಂತ್ಯಗಳ ಟಿಬೆಟನ್ ಊರುಗಳಿಗೂ ಹಬ್ಬಿತು. ಆ ಬೇಸಿಗೆಯಲ್ಲಿ ಬೀಜಿಂಗ್ ಒಲಿಂಪಿಕ್ಸ್ ನಡೆಯಬೇಕಿತ್ತು, ಜಗತ್ತಿನ ಕಣ್ಣು ಅಲ್ಲಿತ್ತು. ಜುಲೈ ಸುತ್ತಿನ ಮಾತುಕತೆಯಲ್ಲಿ ಚೀನಾ ಕಡೆಯವರು, ನಿಮಗೆ ಬೇಕಾದ ಸ್ವಾಯತ್ತೆ ಎಂಥದ್ದು ಎಂದು ತಿಳಿಸಿ ಎಂದರು. ಅಕ್ಟೋಬರ್ ಕೊನೆಗೆ ಎಂಟನೇ ಸುತ್ತಿನಲ್ಲಿ ದೂತರು ಅದನ್ನು ಮನವಿಪತ್ರವಾಗಿ ಬರೆದು ಕೊಟ್ಟರು. ನವೆಂಬರ್ 10ರಂದು ಚೀನಾ ಕಮ್ಯುನಿಸ್ಟ್ ಪಕ್ಷದ ಐಕ್ಯರಂಗ ಇಲಾಖೆಯ ಝು ವೇಯ್‌ಚುನ್ ಪತ್ರಿಕಾಗೋಷ್ಠಿ ಕರೆದು, ಇದು ಅರೆ ಸ್ವಾತಂತ್ರ್ಯ, ಮುಸುಕು ಹಾಕಿದ ಸ್ವಾತಂತ್ರ್ಯ, ಒಪ್ಪಲು ಸಾಧ್ಯವೇ ಇಲ್ಲ ಎಂದು ಬಾಗಿಲು ಮುಚ್ಚಿದರು. ಅದಕ್ಕೆ ಕೆಲವು ವಾರ ಮುಂಚೆಯೇ ದಲೈಲಾಮಾ, ಚೀನಾ ಸರ್ಕಾರದ ಮೇಲಿನ ತಮ್ಮ ನಂಬಿಕೆ ತೆಳುವಾಗುತ್ತಿದೆ ಎಂದು ಬಹಿರಂಗವಾಗಿ ಹೇಳತೊಡಗಿದ್ದರು. ಪತ್ರಿಕಾಗೋಷ್ಠಿಯಾದ ಏಳನೇ ದಿನಕ್ಕೆ ವಿಶೇಷ ಸಭೆ ಶುರುವಾಯಿತು.

ಮನವಿಪತ್ರದಲ್ಲಿ ಭಾಷೆ ಎಲ್ಲಿತ್ತು

ಚೀನಾ ತಿರಸ್ಕರಿಸಿದ ಆ ಮನವಿಪತ್ರವನ್ನು ಓದಿದವರಿಗಿಂತ ಅದರ ಬಗ್ಗೆ ಮಾತಾಡಿದವರೇ ಹೆಚ್ಚು. ಸ್ವಾಯತ್ತೆ ಬೇಕಾದ ಹನ್ನೊಂದು ಕ್ಷೇತ್ರಗಳ ಪಟ್ಟಿ ಅದರಲ್ಲಿದೆ. ಸಂಸ್ಕೃತಿ, ಧರ್ಮ, ಶಿಕ್ಷಣ, ಪರಿಸರ, ನೈಸರ್ಗಿಕ ಸಂಪತ್ತು, ವ್ಯಾಪಾರ, ಆರೋಗ್ಯ, ಕಾನೂನು ಸುವ್ಯವಸ್ಥೆ, ಹೊರಗಿನವರ ವಲಸೆಯ ನಿಯಂತ್ರಣ, ವಿದೇಶಗಳ ಜೊತೆ ಸಾಂಸ್ಕೃತಿಕ ಕೊಡುಕೊಳೆ ಎಲ್ಲವೂ ಇವೆ. ಇವೆಲ್ಲಕ್ಕಿಂತ ಮುಂಚೆ, ಪಟ್ಟಿಯ ಮೊದಲ ಸಾಲಿನಲ್ಲಿ ಇರುವುದು ಭಾಷೆ. ಟಿಬೆಟನ್ ಪ್ರದೇಶಗಳ ಮುಖ್ಯ ಭಾಷೆ ಟಿಬೆಟನ್ ಆಗಬೇಕು ಎಂಬ ಬೇಡಿಕೆ. ಎಲ್ಲ ಜನಾಂಗಗಳಿಗೂ ತಮ್ಮ ಭಾಷೆ ಮತ್ತು ಲಿಪಿಯನ್ನು ಬಳಸುವ, ಬೆಳೆಸುವ ಸ್ವಾತಂತ್ರ್ಯವಿದೆ ಎಂದು ಚೀನಾ ಸಂವಿಧಾನದ ನಾಲ್ಕನೇ ವಿಧಿಯೇ ಹೇಳುತ್ತದೆ. ಮನವಿಪತ್ರ ಬರೆದವರು ಬುದ್ಧಿವಂತಿಕೆಯಿಂದ ಅದೇ ನೆಲದ ಮೇಲೆ ನಿಂತು ಮಾತಾಡಿದರು.

ಭಾಷೆಯನ್ನು ಮೊದಲಿಗೆ ಇಟ್ಟದ್ದಕ್ಕೆ ಆಳವಾದ ಕಾರಣವಿದೆ. ಚೀನಾ 1965ರಲ್ಲಿ ರಚಿಸಿದ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿರುವುದು ಚೀನಾದ ಒಟ್ಟು ಟಿಬೆಟನ್ನರಲ್ಲಿ ಸುಮಾರು ಅರ್ಧ ಮಾತ್ರ. ಉಳಿದವರು ಅಮ್ಡೊ ಮತ್ತು ಖಾಮ್ ಎಂದು ಅವರು ಕರೆಯುವ ಸೀಮೆಗಳಲ್ಲಿ, ಅಂದರೆ ಈಗ ಬೇರೆ ನಾಲ್ಕು ಪ್ರಾಂತ್ಯಗಳಿಗೆ ಹಂಚಿಹೋಗಿರುವ ಜಿಲ್ಲೆಗಳಲ್ಲಿ ಇದ್ದಾರೆ. ಅಮ್ಡೊದ ಪಶುಪಾಲಕ ಲಾಸಾದ ಅಂಗಡಿಯಾತನ ಜೊತೆ ಮಾತಿಗೆ ಕೂತರೆ ಇಬ್ಬರಿಗೂ ತಡವರಿಕೆಯೇ. ಆಡುಮಾತು ಅಷ್ಟು ಬೇರೆ. ಬರಹ ಮಾತ್ರ ಒಂದೇ. ಏಳನೇ ಶತಮಾನದಲ್ಲಿ ಥೋನ್ಮಿ ಸಂಭೋಟ ಭಾರತದಿಂದ ಕಲಿತು ಹೋಗಿ ರೂಪಿಸಿದನೆಂದು ಅವರ ಪರಂಪರೆ ಹೇಳುವ ಆ ಲಿಪಿಯೇ ಲಾಸಾ, ಅಮ್ಡೊ, ಖಾಮ್ ಮೂರೂ ಸೀಮೆಗಳನ್ನು ಹಿಡಿದಿಟ್ಟಿದೆ. ಎಲ್ಲ ಟಿಬೆಟನ್ ಪ್ರದೇಶಗಳಿಗೂ ಒಂದೇ ಆಡಳಿತ ಬೇಕೆಂಬ ಬೇಡಿಕೆಗೆ ಬೀಜಿಂಗ್ ಹೆಚ್ಚು ಸಿಡಿಮಿಡಿಗೊಂಡದ್ದೂ ಸಹಜವೇ, ಯಾಕೆಂದರೆ ಆ ಭೂಭಾಗ ಚೀನಾದ ಕಾಲು ಭಾಗದಷ್ಟಾಗುತ್ತದೆ. ಆದರೆ ನಕ್ಷೆ ಒಡೆದಿದ್ದರೂ ಜನ ಒಂದೇ ಎನ್ನಲು ಅವರ ಕೈಯಲ್ಲಿರುವ ಬಲವಾದ ಸಾಕ್ಷಿ ಆ ಬರಹ.

ಹೊಸ ಸಾಹಿತ್ಯ ಹುಟ್ಟಿದ್ದೂ ಈ ಅಂಚಿನ ಸೀಮೆಯಲ್ಲೇ. 1983ರಲ್ಲಿ ಟಿಬೆಟನ್ ಭಾಷೆಯಲ್ಲಿ ಮುಕ್ತ ಛಂದಸ್ಸಿನ ಕವಿತೆ ಬರೆದು ಒಂದು ತಲೆಮಾರನ್ನೇ ಅಲುಗಾಡಿಸಿದ ದೊಂಡುಪ್ ಗ್ಯಾಲ್ ಅಮ್ಡೊದವರು. ಹಳೆಯ ಸಂಸ್ಕೃತ ಕಾವ್ಯಮೀಮಾಂಸೆಯ ಕಟ್ಟು ಬಿಡಿಸಿಕೊಂಡು ಹೊಸ ಮಾತು ಹುಡುಕಿದವರು. ನವ್ಯದ ಆರಂಭದ ಗದ್ದಲ ಕಂಡ ಕನ್ನಡ ಓದುಗರಿಗೆ ಆ ಸಂಭ್ರಮವೂ ಆ ಸಿಟ್ಟೂ ಅರ್ಥವಾಗುತ್ತದೆ. 1985ರಲ್ಲಿ ಚಿಕ್ಕ ವಯಸ್ಸಿನಲ್ಲೇ ಅವರು ತಮ್ಮ ಜೀವ ತೆಗೆದುಕೊಂಡರು.

ಆರು ದಿನ ನಡೆದದ್ದು

ದೇಶಭ್ರಷ್ಟ ಟಿಬೆಟನ್ನರಿಗೆ 1991ರಲ್ಲಿ ಆದ ಒಂದು ಸನ್ನದು ಇದೆ; ಅವರ ಪಾಲಿಗೆ ಸಂವಿಧಾನವಿದ್ದಂತೆ. ವಿಶೇಷ ಸಭೆ ಕರೆಯುವುದಕ್ಕೆ ಅದರಲ್ಲೇ ಅವಕಾಶವಿದೆ. ಸಂಸತ್ತಿನ ಅಧ್ಯಕ್ಷ ಕರ್ಮಾ ಚೋಫೆಲ್ ಮತ್ತು ಆಗ ಪ್ರಧಾನಿ ಸ್ಥಾನದಲ್ಲಿದ್ದ ಸಂಧೋಂಗ್ ರಿನ್‌ಪೊಚೆ ಇದರ ಹೊಣೆ ಹೊತ್ತಿದ್ದರು. ಮೊದಲೇ ಒಂದು ಮಾತು ಸ್ಪಷ್ಟವಾಗಿತ್ತು: ಸಭೆಯ ಅಭಿಪ್ರಾಯ ಕಾನೂನಾಗುವುದಿಲ್ಲ, ನೀತಿ ಬದಲಾಗಬೇಕಾದರೆ ಸಂಸತ್ತು ಒಪ್ಪಬೇಕು. ಸೇರಿದವರೆಲ್ಲ ಒಂದೇ ವೇದಿಕೆಯ ಎದುರು ಕೂತು ಭಾಷಣ ಕೇಳಿ ಏಳಲಿಲ್ಲ. ಸಣ್ಣ ಸಣ್ಣ ಗುಂಪುಗಳಾಗಿ ಕೂತು, ಒಂದೊಂದು ಗುಂಪೂ ಚರ್ಚಿಸಿ ತನ್ನ ವರದಿ ತಂದಿತು.

ಸಭಾಂಗಣದಲ್ಲಿ ಎರಡು ದನಿಗಳಿದ್ದವು. 1970ರಲ್ಲಿ ಸ್ಥಾಪನೆಯಾದ ಟಿಬೆಟನ್ ಯುವ ಕಾಂಗ್ರೆಸ್ಸಿನವರು ರಂಗ್‌ಜೆನ್, ಅಂದರೆ ಪೂರ್ಣ ಸ್ವಾತಂತ್ರ್ಯ ಎನ್ನುವವರು. ಇಷ್ಟು ವರ್ಷ ಬಗ್ಗಿ ಬಗ್ಗಿ ಕೇಳಿದ್ದಕ್ಕೆ ಸಿಕ್ಕಿದ್ದೇನು ಎಂಬುದು ಅವರ ವಾದ. ಸ್ವಾಯತ್ತೆ ಕೇಳಿದರೂ ಅದನ್ನೇ ಮುಸುಕಿನ ಸ್ವಾತಂತ್ರ್ಯ ಎಂದು ಬೈಸಿಕೊಳ್ಳುವುದಾದರೆ ನೇರವಾಗಿ ಸ್ವಾತಂತ್ರ್ಯವನ್ನೇ ಕೇಳಬಾರದೇಕೆ? ನಡುದಾರಿಯವರಿಗೂ ಉತ್ತರವಿತ್ತು. ಟಿಬೆಟ್ಟಿನೊಳಗೆ ಇರುವವರ ಮೈಮೇಲೆ ಬೀಳುವ ಲಾಠಿಯನ್ನು ನೆನೆಯದೆ ಧರ್ಮಶಾಲೆಯ ಸುರಕ್ಷಿತ ಬೆಟ್ಟದಲ್ಲಿ ಕೂತು ಘೋಷಣೆ ಕೂಗುವುದು ಸಲ್ಲದು. ಜಗತ್ತಿನ ಸರ್ಕಾರಗಳ ಬೆಂಬಲ ಸಿಗುವುದಿದ್ದರೆ ಅದು ಈ ದಾರಿಗೆ ಮಾತ್ರ. ಎರಡೂ ವಾದಗಳಲ್ಲಿ ಸತ್ಯವಿದೆ. ಹೊರಗೆ ನಿಂತ ನಾವು ಇವುಗಳಲ್ಲಿ ಒಂದನ್ನು ಆರಿಸಿ ಅವರಿಗೆ ಬುದ್ಧಿ ಹೇಳುವುದು ಅಹಂಕಾರವಾದೀತು.

ಆರನೇ ದಿನದ ತೀರ್ಮಾನ: ನಡುದಾರಿಯಲ್ಲೇ ಮುಂದುವರಿಯುವುದು, ಚೀನಾ ಸರಿಯಾಗಿ ಸ್ಪಂದಿಸದಿದ್ದರೆ ದೂತರನ್ನು ಕಳಿಸುವುದನ್ನು ನಿಲ್ಲಿಸುವುದು, ಹತ್ತಿರದ ದಿನಗಳಲ್ಲಿ ಫಲ ಕಾಣದಿದ್ದರೆ ಸ್ವಾತಂತ್ರ್ಯ ಅಥವಾ ಸ್ವಯಂನಿರ್ಣಯದ ಬೇಡಿಕೆಗೆ ಹೊರಳುವ ದಾರಿ ತೆರೆದಿರುತ್ತದೆ. ಮರುದಿನ, 23ರಂದು, ದಲೈಲಾಮಾ ಜನರ ಮುಂದೆ ಬಂದರು. ಚೀನಾ ಸರ್ಕಾರದ ಮೇಲೆ ನಂಬಿಕೆ ಕುಗ್ಗಿದೆ, ಚೀನೀ ಜನರ ಮೇಲೆ ಕುಗ್ಗಿಲ್ಲ ಎಂದರು. ಮುಂದಿನ ಇಪ್ಪತ್ತು ವರ್ಷ ಎಚ್ಚರದಿಂದ ಯೋಜನೆ ಮಾಡದಿದ್ದರೆ ಟಿಬೆಟನ್ ಸಮುದಾಯಕ್ಕೆ ದೊಡ್ಡ ಅಪಾಯವಿದೆ ಎಂದೂ ಹೇಳಿದರು.

ಹದಿನೇಳು ಸಾವಿರ ಅಭಿಪ್ರಾಯ

ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಒಂದು ಲೆಕ್ಕ. ಸಭೆಗೆ ಮುನ್ನ ಟಿಬೆಟ್ಟಿನೊಳಗಿನ ಜನರ ಅಭಿಪ್ರಾಯವನ್ನು ಗುಟ್ಟಾಗಿ ಸಂಗ್ರಹಿಸಲಾಗಿತ್ತು. 17,000ಕ್ಕೂ ಹೆಚ್ಚು ಜನ ಮಾತಾಡಿದ್ದರು. ಆ ವರ್ಷದ ಬಂದೋಬಸ್ತಿನಲ್ಲಿ, ಫೋನಿನ ಒಂದು ಕರೆಯೂ ಜೈಲಿಗೆ ದಾರಿಯಾಗಬಹುದಾಗಿದ್ದ ಕಾಲದಲ್ಲಿ, ಇಷ್ಟು ಜನ ಬಾಯಿಬಿಟ್ಟದ್ದೇ ಒಂದು ರಾಜಕೀಯ ಘಟನೆ. ಅವರಲ್ಲಿ 8,000ಕ್ಕೂ ಹೆಚ್ಚು ಮಂದಿ ದಲೈಲಾಮಾ ಏನು ತೀರ್ಮಾನಿಸಿದರೂ ಅದೇ ತಮ್ಮ ತೀರ್ಮಾನ ಎಂದರು. 5,000ಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯ ಎಂದರು. ನಡುದಾರಿ ಎಂದು ಹೆಸರು ಹಿಡಿದು ಹೇಳಿದವರು 2,000ಕ್ಕಿಂತ ಸ್ವಲ್ಪ ಹೆಚ್ಚು.

ಮೊದಲ ಗುಂಪನ್ನು ಒಂದು ಕ್ಷಣ ಬದಿಗಿಟ್ಟು ನೋಡಿ. ತಮ್ಮ ಆಯ್ಕೆಯನ್ನು ತಾವೇ ಮಾಡಿದವರಲ್ಲಿ ಸ್ವಾತಂತ್ರ್ಯದ ಪರ ಇದ್ದವರು ನಡುದಾರಿಯವರಿಗಿಂತ ಎರಡು ಪಟ್ಟಿಗೂ ಹೆಚ್ಚು. ಆ 8,000 ಜನರನ್ನು ಸೇರಿಸಿದ ಕೂಡಲೇ ಲೆಕ್ಕ ತಿರುಗುತ್ತದೆ, ಯಾಕೆಂದರೆ ದಲೈಲಾಮಾ ಅವರ ನಿಲುವು ಎಲ್ಲರಿಗೂ ಗೊತ್ತಿರುವಂಥದ್ದೇ. 1997ರಲ್ಲೂ ಹೀಗೇ ಆಗಿತ್ತು. ಹೋರಾಟದ ಗುರಿಯ ಬಗ್ಗೆ ಜನಮತಗಣನೆ ನಡೆಸಬೇಕೆಂದು ದಲೈಲಾಮಾ ಸೂಚಿಸಿದಾಗ ಮೊದಲು ಅಭಿಪ್ರಾಯ ಸಂಗ್ರಹ ನಡೆಯಿತು. ಶೇ 64ಕ್ಕೂ ಹೆಚ್ಚು ಮಂದಿ ಜನಮತಗಣನೆ ಬೇಡ, ನಡುದಾರಿಯನ್ನೋ ಅವರು ಆಗಾಗ ತೆಗೆದುಕೊಳ್ಳುವ ತೀರ್ಮಾನವನ್ನೋ ಒಪ್ಪುತ್ತೇವೆ ಎಂದಿದ್ದರು.

ಇದನ್ನು ಕುರುಡು ಭಕ್ತಿ ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ನೆಲ ಕಳೆದುಕೊಂಡು, ಹಂಚಿಹೋಗಿ, ಒಬ್ಬರಿಗೊಬ್ಬರು ಸಿಗದಂತಾದ ಜನ ತಮ್ಮನ್ನು ಒಂದಾಗಿ ಉಳಿಸಿದ ವ್ಯಕ್ತಿಯ ಮೇಲೆ ನಂಬಿಕೆ ಇಡುವುದೂ ಒಂದು ರಾಜಕೀಯ ಆಯ್ಕೆಯೇ. ಆದರೆ ಆ ಆಯ್ಕೆಗೆ ಒಂದು ಮಿತಿಯಿದೆ. ನೀವೇ ತೀರ್ಮಾನಿಸಿ ಎಂದು ಅವರು ದೂರ ನಿಂತರು; ನಿಮ್ಮ ತೀರ್ಮಾನವೇ ನಮ್ಮ ತೀರ್ಮಾನ ಎಂದು ಜನ ಅದನ್ನು ಮತ್ತೆ ಅವರ ಕೈಗೇ ಕೊಟ್ಟರು. 2011ರ ಮಾರ್ಚ್‌ನಲ್ಲಿ ಅವರು ರಾಜಕೀಯ ಅಧಿಕಾರವನ್ನೇ ಬಿಟ್ಟುಕೊಡುವುದಾಗಿ ಘೋಷಿಸಿದ್ದನ್ನು ನಾನು ಈ ಹಿನ್ನೆಲೆಯಲ್ಲೇ ಓದುತ್ತೇನೆ. ಆ ವರ್ಷ ಸನ್ನದು ತಿದ್ದುಪಡಿಯಾಗಿ, ಆಗಸ್ಟ್ 8ರಂದು ಚುನಾಯಿತ ನಾಯಕ ಲೋಬ್ಸಂಗ್ ಸಂಗೆ ಅಧಿಕಾರ ವಹಿಸಿಕೊಂಡರು. ಸುಮಾರು 370 ವರ್ಷಗಳಷ್ಟು ಹಳೆಯ ಒಂದು ವ್ಯವಸ್ಥೆ ಅಧಿಕಾರದಲ್ಲಿದ್ದವರ ಇಚ್ಛೆಯಿಂದಲೇ ಮುಗಿದದ್ದು ಇತಿಹಾಸದಲ್ಲಿ ಅಪರೂಪ.

ತೀರ್ಮಾನದ ಮುಂದಿನ ಗತಿ

ಸಭೆಯ ತೀರ್ಮಾನದಲ್ಲಿ ಒಂದು ಬಿರುಕಿತ್ತು. ಹತ್ತಿರದ ದಿನಗಳು ಎಂದರೆ ಎಷ್ಟು ದಿನ? ಫಲ ಕಂಡಿಲ್ಲ ಎಂದು ಹೇಳಬೇಕಾದವರು ಯಾರು? ಇದಕ್ಕೆ ಗಡುವೂ ಇಡಲಿಲ್ಲ, ಅಳತೆಯೂ ಇಡಲಿಲ್ಲ. 2010ರ ಜನವರಿಯಲ್ಲಿ ದೂತರು ಒಂಬತ್ತನೇ ಸುತ್ತಿಗೆ ಹೋಗಿ, ಮನವಿಪತ್ರದ ಬಗ್ಗೆ ಚೀನಾ ಎತ್ತಿದ್ದ ಆಕ್ಷೇಪಗಳಿಗೆ ಉತ್ತರವಾಗಿ ಟಿಪ್ಪಣಿಯೊಂದನ್ನು ಕೊಟ್ಟು ಬಂದರು. ಅಂಥ ಔಪಚಾರಿಕ ಸುತ್ತು ಮತ್ತೆ ನಡೆಯಲಿಲ್ಲ. 2012ರ ಜೂನ್‌ನಲ್ಲಿ ಇಬ್ಬರು ದೂತರೂ ರಾಜೀನಾಮೆ ಕೊಟ್ಟರು. ಅಷ್ಟರಲ್ಲಿ ಟಿಬೆಟ್ಟಿನೊಳಗೆ ಭಿಕ್ಷುಗಳು, ರೈತರು, ತಾಯಂದಿರು ಮೈಗೆ ಬೆಂಕಿ ಹಚ್ಚಿಕೊಳ್ಳತೊಡಗಿದ್ದರು. 2009ರಿಂದ ಈಚೆಗೆ ಹಾಗೆ ಮಾಡಿದವರ ಸಂಖ್ಯೆ 150 ದಾಟಿದೆ. 2012ರ ಸೆಪ್ಟೆಂಬರ್‌ನಲ್ಲಿ ಧರ್ಮಶಾಲೆಯಲ್ಲಿ ಎರಡನೇ ವಿಶೇಷ ಸಭೆ, 2019ರ ಅಕ್ಟೋಬರ್‌ನಲ್ಲಿ ಮೂರನೆಯದು ನಡೆದವು. ನಡುದಾರಿ ಬದಲಾಗಲಿಲ್ಲ.

ಜಗತ್ತಿನ ಪತ್ರಿಕೆಗಳು 2008ರ ಸಭೆಯನ್ನು ಸ್ವಾತಂತ್ರ್ಯವೋ ಸ್ವಾಯತ್ತೆಯೋ ಎಂಬ ಒಂದೇ ಶೀರ್ಷಿಕೆಯಡಿ ವರದಿ ಮಾಡಿದವು. ಮನವಿಪತ್ರದ ಮೊದಲ ಅಂಶ ಹಿಂದೆ ಬಿದ್ದಿತು. ಆದರೆ ಟಿಬೆಟ್ಟಿನೊಳಗೆ ಮುಂದಿನ ಜಗಳ ಎದ್ದದ್ದು ಆ ಅಂಶದ ಮೇಲೆಯೇ. 1987ರಲ್ಲಿ, ಟಿಬೆಟನ್ನರಿಗೆ ದಲೈಲಾಮಾ ನಂತರದ ದೊಡ್ಡ ಧರ್ಮಗುರುವಾದ ಹತ್ತನೇ ಪಂಚನ್ ಲಾಮಾ ಅವರ ಒತ್ತಾಸೆಯಿಂದ ಟಿಬೆಟ್ ಸ್ವಾಯತ್ತ ಪ್ರದೇಶದಲ್ಲಿ ಟಿಬೆಟನ್ ಭಾಷೆಗೆ ಆದ್ಯತೆ ಕೊಡುವ ನಿಯಮ ಬಂದಿತ್ತು. 2002ರ ತಿದ್ದುಪಡಿ ಅದರ ಬಲವನ್ನು ಕುಂದಿಸಿತು. 2010ರ ಅಕ್ಟೋಬರ್‌ನಲ್ಲಿ, ಶಾಲೆಯ ಪಾಠಗಳನ್ನು ಚೀನೀ ಭಾಷೆಗೆ ತಿರುಗಿಸುವ ಯೋಜನೆಯ ವಿರುದ್ಧ ಅಮ್ಡೊದ ರೆಬ್‌ಕೊಂಗ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳು ಬೀದಿಗಿಳಿದರು. ಗೋಕಾಕ್ ಚಳವಳಿ ಕಂಡ ನಾಡಿನವರಾದ ನಮಗೆ ಆ ಮಕ್ಕಳ ಬೇಡಿಕೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಬೀದಿಗಿಳಿದವರು ಮನೆಗೆ ಮರಳುತ್ತೇವೋ ಇಲ್ಲವೋ ಎಂಬ ಭಯದಲ್ಲಿ ಇಳಿದಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ, ಮತ್ತು ಆ ವ್ಯತ್ಯಾಸ ಸಣ್ಣದಲ್ಲ.

ತಾಶಿ ವಾಂಗ್‌ಚುಕ್ ಅವರ ಮೊಕದ್ದಮೆಯನ್ನು ಇಲ್ಲಿ ಹೇಳಲೇಬೇಕು. ಅವರು ಚಿಂಗ್‌ಹಾಯ್ ಪ್ರಾಂತ್ಯದ ಯುಶು ಪಟ್ಟಣದ ಟಿಬೆಟನ್ ಅಂಗಡಿಕಾರ. ಸ್ವತಂತ್ರ ಟಿಬೆಟ್ ಬೇಕು ಎಂದು ಅವರು ಕೇಳಲಿಲ್ಲ. ಸಂವಿಧಾನ ಕೊಟ್ಟಿರುವ ಭಾಷಾ ಹಕ್ಕನ್ನು ಪಾಲಿಸಿ ಎಂದು ಕೋರ್ಟಿಗೆ ಹೋಗಲು ಬೀಜಿಂಗ್‌ಗೆ ಹೋದರು, ಅಮೆರಿಕದ ಪತ್ರಿಕೆಯೊಂದರ ಕ್ಯಾಮೆರಾ ಮುಂದೆ ಅದನ್ನೇ ಹೇಳಿದರು. 2016ರ ಜನವರಿಯಲ್ಲಿ ಬಂಧನವಾಯಿತು. ಪ್ರತ್ಯೇಕತೆಗೆ ಕುಮ್ಮಕ್ಕು ಕೊಟ್ಟ ಆರೋಪದ ಮೇಲೆ 2018ರಲ್ಲಿ ಐದು ವರ್ಷ ಸಜೆಯಾಯಿತು. 2021ರ ಜನವರಿಯಲ್ಲಿ ಹೊರಬಂದರು. ಧರ್ಮಶಾಲೆಯ ಆರು ದಿನಗಳ ಇಡೀ ವಾದಕ್ಕೆ ಈ ಮೊಕದ್ದಮೆ ಕಹಿಯಾದ ಅಡಿಟಿಪ್ಪಣಿ. ನಡುದಾರಿಗಿಂತ ಮೆತ್ತಗಿನ ಬೇಡಿಕೆ, ಬರೀ ಶಾಲೆಯಲ್ಲಿ ತಾಯ್ನುಡಿ, ಅದಕ್ಕೂ ಸಿಕ್ಕಿದ್ದು ಅದೇ ಹಣೆಪಟ್ಟಿ.

ಈಚೆಗೆ ವೇಗ ಹೆಚ್ಚಿದೆ. ಸುಮಾರು 10 ಲಕ್ಷ ಟಿಬೆಟನ್ ಮಕ್ಕಳು ಮನೆಯಿಂದ ದೂರ, ಚೀನೀ ಭಾಷೆಯಲ್ಲಿ ಪಾಠ ನಡೆಯುವ ಸರ್ಕಾರಿ ವಸತಿ ಶಾಲೆಗಳ ವ್ಯವಸ್ಥೆಗೆ ಒಳಗಾಗಿದ್ದಾರೆ ಎಂದು 2023ರ ಫೆಬ್ರುವರಿಯಲ್ಲಿ ವಿಶ್ವಸಂಸ್ಥೆಯ ತಜ್ಞರು ಕಳವಳ ವ್ಯಕ್ತಪಡಿಸಿದರು. ಚೀನಾ ಇದನ್ನು ಅಲ್ಲಗಳೆದಿದೆ. 2021ರಲ್ಲಿ ಗೋಲೊಗ್ ಪ್ರದೇಶದ ಸೆಂಗ್‌ಡ್ರುಕ್ ತಕ್ತ್ಸೆ ಶಾಲೆ, 2024ರಲ್ಲಿ ಅದೇ ಸೀಮೆಯ ರಾಗ್ಯಾ ಶಾಲೆ ಮುಚ್ಚಿದವು. ಎರಡೂ ಟಿಬೆಟನ್ ಭಾಷೆ, ಸಂಸ್ಕೃತಿಯ ಕಲಿಕೆಗೆ ಹೆಸರಾದವು. ನಾಲ್ಕೈದು ವರ್ಷದ ಮಗು ಮನೆಮಾತು ಬಿಟ್ಟು ಬೆಳೆದರೆ, ಆ ಮಗು ದೊಡ್ಡದಾಗುವ ಹೊತ್ತಿಗೆ ಎಂಥ ರಾಜಕೀಯ ಒಪ್ಪಂದ ಬಂದರೂ ಅದು ಹೋದದ್ದನ್ನು ತಂದುಕೊಡಲಾರದು. ಸ್ವಾಯತ್ತೆಯ ಮಾತುಕತೆ ಇನ್ನೂ ಹತ್ತು ವರ್ಷ ಕಾಯಬಹುದು. ಶಾಲೆಗೆ ಆ ಸೌಲಭ್ಯವಿಲ್ಲ.

ಹಾಗೆ ನೋಡಿದರೆ ಯಾರ ಅಪ್ಪಣೆಗೂ ಕಾಯದೆ ಮುಂದೆ ನಡೆದ ಕೆಲಸದ ಒಂದು ಎಳೆ ನಮ್ಮ ರಾಜ್ಯದಲ್ಲೇ ಇದೆ. ಭಾರತದ ರಾಜ್ಯಗಳಲ್ಲಿ ಟಿಬೆಟನ್ನರು ಅತಿ ಹೆಚ್ಚು ನೆಲೆಸಿರುವುದು ಕರ್ನಾಟಕದಲ್ಲಿ. ಬೈಲಕುಪ್ಪೆಯ ಸೆರಾ ಮಠದಲ್ಲಿ ಕಲಿತ ಗೆಶೆ ಲೋಬ್ಸಂಗ್ ಮೊನ್ಲಮ್ ಎಂಬ ಭಿಕ್ಷು ಕಂಪ್ಯೂಟರ್ ಹಿಡಿದು ಟಿಬೆಟನ್ ಅಕ್ಷರಗಳ ಫಾಂಟ್ ಮಾಡಲು ಕೂತರು, ಆಮೇಲೆ ತಂತ್ರಾಂಶ, ಆಮೇಲೆ ನಿಘಂಟು. ಒಂದು ದೊಡ್ಡ ತಂಡ ವರ್ಷಗಟ್ಟಲೆ ದುಡಿದು ತಂದ ಆ ನಿಘಂಟಿನ 223 ಸಂಪುಟಗಳು 2022ರ ಮೇ 27ರಂದು ಧರ್ಮಶಾಲೆಯಲ್ಲಿ ದಲೈಲಾಮಾ ಅವರ ಸಮ್ಮುಖದಲ್ಲಿ ಬಿಡುಗಡೆಯಾದವು. ಅದೇ ನಿಘಂಟು ಮೊಬೈಲ್ ಆ್ಯಪ್ ಆಗಿಯೂ ಸಿಗುತ್ತದೆ. ಬೈಲಕುಪ್ಪೆಗೆ ಹೋಗಿ ಸ್ವರ್ಣಮಂದಿರ ನೋಡಿ, ಮೊಮೊ ತಿಂದು ಮರಳುವ ನಾವು ಆ ಕ್ಯಾಂಪಿನಲ್ಲಿ ಒಂದು ಭಾಷೆಯ ಇಪ್ಪತ್ತೊಂದನೇ ಶತಮಾನದ ಆಯುಧಶಾಲೆಯೂ ಇತ್ತೆಂದು ತಿಳಿದಿರುವುದು ಒಳ್ಳೆಯದು.

ದಲೈಲಾಮಾ ಹೇಳಿದ ಇಪ್ಪತ್ತು ವರ್ಷ 2028ಕ್ಕೆ ಮುಗಿಯುತ್ತದೆ. 2025ರ ಜುಲೈ 6ಕ್ಕೆ ಅವರಿಗೆ ತೊಂಬತ್ತು ತುಂಬಿತು. ಅದಕ್ಕೆ ನಾಲ್ಕು ದಿನ ಮುಂಚೆ, ದಲೈಲಾಮಾ ಪರಂಪರೆ ತಮ್ಮ ನಂತರವೂ ಮುಂದುವರಿಯುತ್ತದೆ ಎಂದು ಅವರು ಪ್ರಕಟಿಸಿದರು. ಮುಂದಿನ ಅವತಾರ ಯಾರೇ ಆದರೂ, ಆ ಮಗು ಬೆಳೆದು ದೊಡ್ಡದಾಗುವವರೆಗೆ 8,000 ಜನರ ಆ ಉತ್ತರಕ್ಕೆ ವಾರಸುದಾರರಿರುವುದಿಲ್ಲ. ಹಾಗಾಗಿ ನಾಲ್ಕನೇ ವಿಶೇಷ ಸಭೆ ಕರೆಯುವಾಗ ಸಂಸತ್ತು ಮೂರು ಬದಲಾವಣೆ ಮಾಡಬೇಕೆಂಬುದು ಈ ಪ್ರಕರಣ ಓದಿದ ನನ್ನ ಅಭಿಪ್ರಾಯ. ಅಭಿಪ್ರಾಯ ಸಂಗ್ರಹದಲ್ಲಿ ನಾಯಕರ ತೀರ್ಮಾನವೇ ನನ್ನದು ಎಂಬ ಆಯ್ಕೆಯನ್ನು ಕೈಬಿಟ್ಟು, ಜನ ತಮ್ಮ ಮನಸ್ಸನ್ನೇ ಹೇಳುವಂತೆ ಕೇಳಬೇಕು. ತೀರ್ಮಾನಕ್ಕೆ ಷರತ್ತು ಹಾಕುವುದಾದರೆ ಅದರ ಜೊತೆಗೇ ತಾರೀಖನ್ನೂ ಅದನ್ನು ಅಳೆಯುವವರ ಹೆಸರನ್ನೂ ಬರೆಯಬೇಕು. ಮೊದಲ ದಿನದ ಮೊದಲ ಗೋಷ್ಠಿ ಶಾಲೆ ಮತ್ತು ಭಾಷೆಗೆ ಮೀಸಲಾಗಬೇಕು: ಹೊರಗಿರುವ ಸುಮಾರು ಒಂದೂಕಾಲು ಲಕ್ಷ ಟಿಬೆಟನ್ನರ ಮಕ್ಕಳಲ್ಲಿ ಎಷ್ಟು ಮಂದಿ ತಾಯ್ನುಡಿಯಲ್ಲಿ ಒಂದು ಪುಟ ಓದಿ ಬರೆಯಬಲ್ಲರು, ವಸತಿಗಳಿಂದ ಬೆಂಗಳೂರಿಗೂ ನ್ಯೂಯಾರ್ಕಿಗೂ ಹೊರಟುಹೋಗುವ ಕುಟುಂಬಗಳ ಮಕ್ಕಳಿಗೆ ಕಲಿಸುವವರು ಯಾರು, ಗಡಿಯಾಚೆಯ ಮಕ್ಕಳ ಕೈಗೆ ಓದುವ ಸಾಮಗ್ರಿ ತಲುಪಿಸುವುದು ಹೇಗೆ. ಸ್ವಾತಂತ್ರ್ಯವಾದಿಗಳೂ ನಡುದಾರಿಯವರೂ ಜಗಳವಿಲ್ಲದೆ ಒಟ್ಟಿಗೆ ಕೂತು ಬಗೆಹರಿಸಬಹುದಾದ ಪ್ರಶ್ನೆಗಳು ಇವು, ಮತ್ತು ಇವುಗಳಿಗೆ ಬೀಜಿಂಗ್‌ನ ಸಹಿ ಬೇಕಾಗಿಲ್ಲ.